ಕಳ್ಳಲ್ಲ ಸರ್, ಕಣ್ಣು

ಮೈಸೂರಿನ ದೋಸ್ತ ಮೊನ್ನೆ ಫೋನಿನ್ಯಾಗ ಕೇಳಿದ: "ನಿಮ್ಮ ರಾಯಚೂರಲ್ಲಿ ಎಲ್ರಿಗೂ ಕನ್ನಡ, ತೆಲುಗು, ಉರ್ದು ಬರತ್ತಂತಲ್ಲೋ, ಇನ್ನು ದುಭಾಷಿ ಯಾಕೆ? ಅಷ್ಟಕ್ಕೂ ನೀವು ಕನ್ನಡದೋರೇನಾ?"

ಎರಡನೇದಕ್ಕ ಆಮ್ಯಾಲ ಬರ್ತೀನಿ. ಮೊದಲನೇದು ಕೇಳು.

ನಾನು ಕೂಡೋದು ಒಂದು ದವಾಖಾನಿ ಚೀಟಿ ಕೌಂಟರಿನ್ಯಾಗ. ತೆಲಂಗಾಣದ ಗದ್ವಾಲಿಂದ, ಕೃಷ್ಣಾ ಆಚಿ ಮಕ್ತಲಿಂದ ತೆಲುಗು ಮಂದಿ ಬರ್ತಾರ. ಒಂದಿನ ಒಬ್ಬಾಕಿ ಅಜ್ಜಿ ಗ್ವಾಡಿ ಹಿಡ್ಕೊಂಡು "ಕಳ್ಳು ತಿರುಗುತುನ್ನಾಯಿ" ಅಂದಳು. ತೆಲುಗಿನಾಗ ಕಳ್ಳು ಅಂದ್ರ ಕಣ್ಣು. ಅವು ತಿರುಗ್ತಾವ ಅಂದ್ರ ನಮ್ಮ ತಲಿ ಸುತ್ತು. ಹೊಸ ಡಾಕ್ಟರ್ ಕಿವಿಗೆ ಬಿದ್ದದ್ದು ಕನ್ನಡದ ಕಳ್ಳು. "ಎಷ್ಟು ಕುಡಿದಿದ್ದಾರೆ ಕೇಳಿ" ಅಂದ್ರು. ಮಮ್ಮಗಗ ಸಿಟ್ಟು, ನನಗ ನಗು. ಬಿಪಿ ಪಟ್ಟಿ ಕಟ್ಟಿ ನೋಡಿದ್ರ ಯಾರಿಗೂ ನಗು ಉಳೀಲಿಲ್ಲ.

ದೂರದ ಭಾಷಾ ಆಗಿದ್ರ ತಿಳೀಲಿಲ್ಲಂತ ಒಪ್ಕೊಂಡು ಮತ್ತ ಕೇಳ್ತೀವಿ. ತೆಲುಗು ಹಂಗಲ್ಲ, ತಿಳೀತು ಅನ್ನಿಸೇ ಕೆಡಸ್ತದ. ಅದಕ್ಕ ದವಾಖಾನ್ಯಾಗ ಒಂದು ಮಾತಾಡಿ ನಿಲ್ಲಬೇಕು, ದುಭಾಷಿ ಅದನ್ನ ಹೇಳಬೇಕು, ಆಮ್ಯಾಲ ಮುಂದಿನದು. ಹೊತ್ತು ಹಿಡೀತದ, ಹಿಡೀಲಿ. ಮನಿ ಮಂದಿನ್ನ ನಿಲ್ಲಿಸಿದ್ರ ಸೊಸಿ ಅರ್ಧ ನುಂಗ್ತಾಳ. ಮಗನ ಮುಂದ ತಾಯಿ ಮುಟ್ಟಿನ ಮಾತೇ ಎತ್ತಂಗಿಲ್ಲ. ರಾತ್ರಿ ಯಾರೂ ಇಲ್ಲಂದ್ರ ಒಬ್ಬರಿಗೆ ಫೋನ್ ಹಚ್ಚಿ ಸ್ಪೀಕರ್ ಇಡಬಹುದು. ಆದ್ರ ಬೆರಳಿಟ್ಟು ತೋರಿಸಿದ ನೋವು ಫೋನಿಗೆ ಕಾಣಂಗಿಲ್ಲ, ವಿಡಿಯೊ ಬೇಕು.

ಮಾತಿನ ಜೋಡಿನೇ ಕಿವಿಗೆ ಹೇಳೋದು ದೊಡ್ಡ ಸಭೆಗೆ. 1945ರಾಗ ಜರ್ಮನಿಯ ನಾಜಿ ನಾಯಕರ ಮ್ಯಾಲೆ ಶುರುವಾದ ನ್ಯೂರೆಂಬರ್ಗ್ ವಿಚಾರಣೆ ನಾಕು ಭಾಷೆಯೊಳಗ ಹೆಡ್‌ಫೋನ್ ಮ್ಯಾಲೆ ನಡೆದದ್ದು ಹಂಗೇ. ಆ ಕೆಲಸದಾಗ ಅರ್ಧ ತಾಸಿಗೊಮ್ಮೆ ಆಳು ಬದಲಾಗ್ತಾರ. ನನ್ನ ಕೌಂಟರಿಗೆ ಬದಲಿ ಇಲ್ಲ.

ಆರೋಪಿಗೆ ಬರಲಾರದ ಭಾಷೆಯೊಳಗ ಸಾಕ್ಷಿ ನುಡಿದ್ರ, ಅವಗ ತಿಳಿಯೋ ಭಾಷೆಗೆ ಹೇಳಬೇಕು ಅಂತ 1973ರ ಕ್ರಿಮಿನಲ್ ಪ್ರೊಸೀಜರ್ ಕೋಡಿನ 279ನೇ ಕಲಂ ಇತ್ತು. ನಮ್ಮ ದವಾಖಾನಿ ಪಾಲಿಗೆ ನಾನೇ ಕಲಂ. ಪಗಾರ ಮಾತ್ರ ಚೀಟಿ ಹರಿಯೋದಕ್ಕ.

ಇನ್ನ ಎರಡನೇದು. 1956ರ ನವೆಂಬರ್ 1ಕ್ಕ ಹೈದರಾಬಾದ್ ರಾಜ್ಯ ಒಡದು ಗದ್ವಾಲ್, ಆಲಂಪುರ ಆಗಿನ ಆಂಧ್ರಕ್ಕ ಹೋದವು, ನಾವು ಈ ಕಡಿ ಬಂದ್ವಿ. ಬೀಗರು ಎರಡೂ ಕಡಿ ಉಳಿದ್ರು. ಮುತ್ಯಾನ ಹೊಲದ ಕಾಗದ ಇನ್ನೂ ಉರ್ದುವಿನ್ಯಾಗ ಅದ. ಓಣಿ ಚಾಚಾ ಕಾಗದ ನೋಡ್ಕೋತ ಕನ್ನಡದಾಗ ಹೇಳ್ತಾರ, ನಾವು ಬರ್ಕೋತೀವಿ. ಇಷ್ಟಕ್ಕ ನಾವು ಕನ್ನಡದವರು ಅಲ್ಲೇನು?

ಹೋದ ವರ್ಷ ನೀ ಬಂದಾಗ ನಮ್ಮವ್ವ "ನನ್ನ ಖೂನ ಹಿಡದ್ಯೇನಪಾ?" ಅಂದಾಗ, ಗುರುತು ಸಿಕ್ತಾ ಅಂತ ಕೇಳಿದ್ದನ್ನ ನೀ ಖೂನಿ ಅಂತ ತಿಳ್ಕೊಂಡು ಬಾಗಲಾಗೇ ನಿಂತಿದ್ದಿ. ಆವಾಗ ಕನ್ನಡದಿಂದ ಕನ್ನಡಕ್ಕ ಹೇಳಿ ನಿನ್ನ ಒಳಗ ಕರ್ಕೊಂಡಾವ ಯಾರು?