ಕಚೇರಿ ಬೋರ್ಡಿಗೆ ಹೊಸ ಬಣ್ಣ ಬಳಿದರೆ ನಿಮ್ಮ ಸರ್ಟಿಫಿಕೇಟ್ ಹಾಳಾಗಲ್ಲ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ. ಹೋದ ಸಲವೂ ಇದೇ ಇತ್ತು. ಇನ್ನು ಬಿಡಿಸಿ ಹೇಳದೆ ವಿಧಿಯಿಲ್ಲ.

"ನನ್ನ 371(ಜೆ) ಸರ್ಟಿಫಿಕೇಟ್‌ನಲ್ಲಿ 'ಹೈದರಾಬಾದ್ ಕರ್ನಾಟಕ' ಅಂತಿದೆ. ಈಗ ಎಲ್ಲಾ ಕಡೆ 'ಕಲ್ಯಾಣ ಕರ್ನಾಟಕ'. ಹೊಸದು ಮಾಡಿಸಬೇಕಾ? ಪ್ರದೇಶಾಭಿವೃದ್ಧಿ ಮಂಡಳಿಯ ಹೆಸರೇ ಬದಲಾದ ಮೇಲೆ ಮೀಸಲಾತಿ ಉಳಿಯುತ್ತಾ?"

ಬೇಡ. ಉಳಿಯುತ್ತೆ. (ಗೊತ್ತಿಲ್ಲದವರಿಗೆ: ಬೀದರ್, ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯ ಜಿಲ್ಲೆಗಳವರಿಗೆ ಓದು, ಸರ್ಕಾರಿ ಕೆಲಸದಲ್ಲಿ ಮೀಸಲಾತಿಗೆ ದಾರಿ ಮಾಡಿದ ಸಂವಿಧಾನದ ವಿಧಿಯೇ 371(ಜೆ).)

ಕಳೆದ ತಿಂಗಳು ಒಬ್ಬ ಹುಡುಗ ನನ್ನ ಮುಂದೆ ಎರಡು ಸರ್ಟಿಫಿಕೇಟ್ ಇಟ್ಟ. ಒಂದು ಹಳೇದು, ಲ್ಯಾಮಿನೇಷನ್ ಮಾಡಿಸಿದ್ದು, ಅಂಚು ಸ್ವಲ್ಪ ಹಳದಿಯಾಗಿತ್ತು. ಇನ್ನೊಂದು ಹೊಸದು. ಹೆಸರು ಬದಲಾಗಿದೆ, ಹಳೇದು ನಡೆಯಲ್ಲ ಅಂತ ಯಾರೋ ಏಜೆಂಟ್ ಹೆದರಿಸಿ ಎರಡು ಸಾವಿರ ಕಿತ್ತಿದ್ದ. ಎರಡನ್ನೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಪಕ್ಕ ಇಟ್ಟು ಓದಿದೆ. ಹಳೇದರಲ್ಲಿ ಹೆಸರು ಅಂಕಪಟ್ಟಿಯಲ್ಲಿ ಇದ್ದ ಹಾಗೇ ಇತ್ತು. ಹೊಸದರಲ್ಲಿ ಇನಿಷಿಯಲ್ ಬಿಟ್ಟುಹೋಗಿತ್ತು. ಸರಿ ಇದ್ದದ್ದನ್ನು ದುಡ್ಡು ಕೊಟ್ಟು ಕೆಡಿಸಿಕೊಂಡು ಬಂದಿದ್ದ. ದಾಖಲೆ ಪರಿಶೀಲನೆಯಲ್ಲಿ ಹುಡುಗರು ಒದ್ದಾಡೋದು ಇಂಥ ಕಡೆಯೇ, 'ಹೈದರಾಬಾದ್' ಅನ್ನೋ ಪದಕ್ಕಲ್ಲ.

ಈಗ ವಿಷಯಕ್ಕೆ ಬರೋಣ. ನಿಮ್ಮ ಮೀಸಲಾತಿಯ ಬೇರು ಇರೋದು ಸಂವಿಧಾನದಲ್ಲಿ. 2012ರ 98ನೇ ತಿದ್ದುಪಡಿಯಿಂದ 371(ಜೆ) ಬಂತು, ಅಲ್ಲಿ ಬರೆದಿರೋದು 'ಹೈದರಾಬಾದ್-ಕರ್ನಾಟಕ' ಅಂತಲೇ. 2019ರ ಸೆಪ್ಟೆಂಬರ್‌ನಲ್ಲಿ ಯಡಿಯೂರಪ್ಪನವರ ಸರ್ಕಾರ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕ ಅಂತ ಹೆಸರಿಟ್ಟಿತು, ಮಂಡಳಿಯ ಹೆಸರೂ ಹಾಗೇ ಬದಲಾಯಿತು. ಆದರೆ ಬೆಂಗಳೂರಿನಲ್ಲಿ ಆದೇಶ ಹೊರಡಿಸಿದ ಮಾತ್ರಕ್ಕೆ ಸಂವಿಧಾನದ ಅಕ್ಷರ ಬದಲಾಗಲ್ಲ. ಅದಕ್ಕೆ ಸಂಸತ್ತೇ ಬೇಕು. ಹಾಗಾಗಿ ಹಳೇ ಹೆಸರಿನ ಪತ್ರ ಸಂವಿಧಾನದ ಮಾತನ್ನೇ ಹೇಳುತ್ತಿದೆ, ಅದಕ್ಕೆ ಹೆದರೋದು ಯಾಕೆ? ಸ್ಥಳೀಯ ವೃಂದದಲ್ಲಿ, ಅಂದರೆ ಈ ಪ್ರದೇಶದೊಳಗಿನ ಸರ್ಕಾರಿ ಹುದ್ದೆಗಳಲ್ಲಿ, 'ಎ' ಗುಂಪಿನ ಕಿರಿಯ ಶ್ರೇಣಿ ಮತ್ತು 'ಬಿ' ಗುಂಪಿಗೆ 75%, 'ಸಿ'ಗೆ 80%, 'ಡಿ'ಗೆ 85%, ರಾಜ್ಯ ಮಟ್ಟದ ಕಚೇರಿಗಳಲ್ಲಿ 8%. ಇದು 2013ರ ಆದೇಶದ್ದು, ಬೋರ್ಡು ಬರೆಯೋ ಪೇಂಟರ್ ಕೈಯಲ್ಲಿ ಇರೋದಲ್ಲ.

ನನಗೆ ಬೇಜಾರು ಬೇರೆಯದೇ. ಎಲ್ಲರೂ 2019ರ ಹೆಸರಿನ ಬಗ್ಗೆ ಕೇಳ್ತಾರೆ, ನಿಜವಾಗಿ ಏನೋ ಬದಲಾದ 2013ರ ಬಗ್ಗೆ ಯಾರೂ ಕೇಳಲ್ಲ. ಮೊದಲಿದ್ದ ಮಂಡಳಿ 1991ರ ರಾಜ್ಯ ಕಾಯ್ದೆಯದ್ದು. ಇಂಗ್ಲಿಷ್‌ನಲ್ಲಿ ಅದು 'ಏರಿಯಾ' ಮಂಡಳಿ. 2013ರಲ್ಲಿ ಬಂದದ್ದು 'ರೀಜನಲ್' ಮಂಡಳಿ. ಕನ್ನಡದಲ್ಲಿ ಎರಡಕ್ಕೂ 'ಪ್ರದೇಶ' ಅಂತ ಹಾಕಿಬಿಟ್ಟೆವು, ಹಾಗಾಗಿ ಏನೂ ಆಗಿಲ್ಲ ಅನ್ನಿಸುತ್ತೆ. ಆಗಿದ್ದು ದೊಡ್ಡದು. ಎರಡನೆಯದು ರಾಜ್ಯಪಾಲರ ವಿಶೇಷ ಹೊಣೆಯಡಿ ನಿಂತದ್ದು, ಅದರ ಕೆಲಸದ ವರದಿ ಪ್ರತಿ ವರ್ಷ ವಿಧಾನಸಭೆಯ ಮುಂದೆ ಬರಬೇಕು. ನಿಮ್ಮ ಶಾಸಕರು ಊರಿಗೆ ಬಂದಾಗ ಆ ವರದಿ ಓದಿದ್ದೀರಾ ಅಂತ ಕೇಳಿ ನೋಡಿ. ಹೆಸರು ಬದಲಿಸಿದ ದಿನ ಹಾರ ಹಾಕಿಸಿಕೊಂಡವರು ಈ ಪ್ರಶ್ನೆಗೆ ಮಾತ್ರ ಫೋನ್ ಬಂತು ಅಂತ ಎದ್ದು ಹೋಗ್ತಾರೆ.

ಇನ್ನೊಂದು ಬದಲಾವಣೆಯೂ ಸದ್ದಿಲ್ಲದೆ ಆಯಿತು. ಪ್ರಾದೇಶಿಕ ಅಸಮತೋಲನ ಅಳೆಯೋಕೆ ಸರ್ಕಾರ ನೇಮಿಸಿದ್ದ ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ಅಳೆದದ್ದು ತಾಲ್ಲೂಕನ್ನು. ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅದರಲ್ಲೂ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ಕಲಬುರಗಿ ವಿಭಾಗದವು, ಅಂದರೆ ಕಲ್ಯಾಣ ಕರ್ನಾಟಕದವು, ಸರಿ. ಆದರೆ 13 ದಕ್ಷಿಣದವು. ಪಟ್ಟಿಯ ತಳದಲ್ಲಿ ರಾಯಚೂರು ಜಿಲ್ಲೆಯ ದೇವದುರ್ಗ. ಆಮೇಲೆ ಬಂದ 371(ಜೆ) ತಾಲ್ಲೂಕು ನೋಡಲ್ಲ, ಇಡೀ ಪ್ರದೇಶ ನೋಡುತ್ತೆ. ದೇವದುರ್ಗದ ಹುಡುಗಿಗೂ ಬಳ್ಳಾರಿ ಪೇಟೆಯ ವ್ಯಾಪಾರಿಯ ಮಗನಿಗೂ ಒಂದೇ ಸರ್ಟಿಫಿಕೇಟ್. ದಕ್ಷಿಣದ ಆ 13 ತಾಲ್ಲೂಕಿನ ಮಕ್ಕಳಿಗೆ ಅದೂ ಇಲ್ಲ. ಇದು ತಪ್ಪು ಅಂತ ನಾನು ಹೇಳ್ತಿಲ್ಲ, ನಿಜಾಮರ ಕಾಲದಿಂದ ಬಂದ ಕೊರತೆಯನ್ನು ತಾಲ್ಲೂಕು ಲೆಕ್ಕದಲ್ಲಿ ತುಂಬೋಕೆ ಆಗಲ್ಲ ಅನ್ನೋ ವಾದದಲ್ಲಿ ಹುರುಳಿದೆ. ಆದರೆ ಜಗಳ ಆಡೋದಾದರೆ ಇದರ ಮೇಲೆ ಆಡಿ, ಹೆಸರಿನ ಮೇಲಲ್ಲ. 2024ರಲ್ಲಿ ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಮತ್ತೆ ಪ್ರಾದೇಶಿಕ ಅಸಮತೋಲನ ಅಳೆಯೋ ಸಮಿತಿ ಆಯಿತಲ್ಲ, ಅಷ್ಟರಲ್ಲಿ ಹಳೇ ಅಳತೆಗೆ ಇಪ್ಪತ್ತು ವರ್ಷ ದಾಟಿತ್ತು.

ಹೆಸರಿಗೂ ಗಡಿಗೂ ಏನು ವ್ಯತ್ಯಾಸ ಅಂತ ಹರಪನಹಳ್ಳಿಯವರನ್ನು ಕೇಳಿ. ಬಳ್ಳಾರಿಯಲ್ಲಿದ್ದ ತಾಲ್ಲೂಕು 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಹೋಯಿತು. 371(ಜೆ) ಬಂದಾಗ ಗೆರೆಯ ಆಚೆ ಉಳಿಯಿತು. ಎಷ್ಟು ಧರಣಿ, ಎಷ್ಟು ಬಂದ್ ಆದ ಮೇಲೆ ವಾಪಸ್ ಬಳ್ಳಾರಿಗೆ ಬಂದು ಸೌಲಭ್ಯ ಪಡೆಯಿತು. ಅಲ್ಲಿ ಯಾರೂ ಹೆಸರು ಬದಲಿಸಿ ಅಂತ ಕೂತಿರಲಿಲ್ಲ.

ಮಾಡಬೇಕಾದ್ದು ಇಷ್ಟೇ. ಈ ಪತ್ರ ಕೊಡೋರು ಸಹಾಯಕ ಆಯುಕ್ತರು, ಸಹಿ ಅವರದೇ ಇದೆಯಾ ನೋಡಿಕೊಳ್ಳಿ. ಹೆಸರು, ಇನಿಷಿಯಲ್ ಅಂಕಪಟ್ಟಿಗೆ ತಾಳೆಯಾಗುತ್ತಾ ನೋಡಿ. ಅರ್ಜಿ ತುಂಬುವಾಗ ಹೈ.ಕ. (ಹೈದರಾಬಾದ್ ಕರ್ನಾಟಕ) ಮೀಸಲಾತಿ ಕೇಳಿದ ಕಡೆ ಗುರುತು ಹಾಕಿ. ಇದನ್ನು ಮರೆತು ಆಮೇಲೆ ನನಗೆ ಪತ್ರ ಬರೆದರೆ ನಾನೇನು ಮಾಡಲಿ? ನಾನಾದರೆ ಮೂಲ ಪತ್ರವನ್ನು ಯಾರ ಕೈಗೂ ಕೊಡಲ್ಲ, ಜೆರಾಕ್ಸ್ ಅಂಗಡಿಯಲ್ಲೂ ಕಣ್ಣ ಮುಂದೆಯೇ ಇಟ್ಟುಕೊಳ್ತೀನಿ.

"ಮುಂಬೈ ಕರ್ನಾಟಕವೂ 2021ರಲ್ಲಿ ಕಿತ್ತೂರು ಕರ್ನಾಟಕ ಆಯಿತು. ನಮಗೂ 371(ಜೆ) ಬರುತ್ತಾ?"

ಇಲ್ಲ. ಹೆಸರು ಬಂತು, ತಿದ್ದುಪಡಿ ಬರಲಿಲ್ಲ.

"ವಿಜಯನಗರ ಹೊಸ ಜಿಲ್ಲೆ. ನಾವು ಒಳಗೋ ಹೊರಗೋ?"

ಒಳಗೇ. ಬಳ್ಳಾರಿಯಿಂದ ಒಡೆದ ನೆಲ ತಾನೇ?

"ರಾಯಚೂರು, ಯಾದಗಿರಿ ಮಹತ್ವಾಕಾಂಕ್ಷಿ ಜಿಲ್ಲೆಗಳು ಅಂತಾರೆ. ಮೊದಲು ಹಿಂದುಳಿದ ಜಿಲ್ಲೆ ಅಂತಿದ್ದರು. ದುಡ್ಡು ಜಾಸ್ತಿ ಬರುತ್ತಾ?"

ಕೇಂದ್ರದ ಹಿಂದುಳಿದ ಪ್ರದೇಶ ಅನುದಾನ ನಿಧಿ ಇದ್ದಾಗ ಅದರ ಹೆಸರಲ್ಲೇ ದುಡ್ಡು ಬರುತ್ತಿತ್ತು. ಅದು ನಿಂತಿತು. 2018ರಲ್ಲಿ ಬಂದ ಮಹತ್ವಾಕಾಂಕ್ಷಿ ಜಿಲ್ಲೆ ಕಾರ್ಯಕ್ರಮ ಮುಖ್ಯವಾಗಿ ರ‍್ಯಾಂಕಿಂಗು, ಇರೋ ಯೋಜನೆಗಳನ್ನೇ ಒಟ್ಟುಗೂಡಿಸಿ ಉಸ್ತುವಾರಿ ಮಾಡೋದು. ಹೆಸರು ಮಾತ್ರ ಮೊದಲಿಗಿಂತ ಚೆನ್ನಾಗಿದೆ.

"ಮಂಡಳಿಯ ಹೆಸರಿನ ಅಕ್ಷರ ಸಂಖ್ಯೆ ಸರಿಯಿಲ್ಲ, ಅದಕ್ಕೇ ಅನುದಾನ ಖರ್ಚಾಗುತ್ತಿಲ್ಲ ಅಂತ ಒಬ್ಬ ಸಂಖ್ಯಾಶಾಸ್ತ್ರಜ್ಞರು ಹೇಳಿದರು."

ಅವರಿಗೆ ಎಷ್ಟು ಕೊಟ್ಟಿರಿ?

"ಕಲಬುರಗಿ ಆಗಿ ಇಷ್ಟು ವರ್ಷ ಆದರೂ ಜೆಸ್ಕಾಂನಲ್ಲಿ ಗುಲ್ಬರ್ಗಾ ಯಾಕೆ ಉಳಿದಿದೆ?"

ಅದು ಕರೆಂಟ್ ಕೊಡೋ ಕಂಪನಿ, ಹೆಸರಿನ 'ಜೆ' ಗುಲ್ಬರ್ಗಾದ್ದು. ಊರಿನ ಹೆಸರು ಬದಲಾದರೆ ಕಂಪನಿಯ ಹೆಸರು ತಾನಾಗಿ ಬದಲಾಗಲ್ಲ, ಅದರ ದಾರಿಯೇ ಬೇರೆ. ಕರೆಂಟ್ ಬಿಲ್ ಅದೇ ಹೆಸರಿಗೆ ಕಟ್ಟಿ.