ನನ್ನ ಮಗ ಉಳದ, ಅಕಿ ಮಗ ಉಳೀಲಿಲ್ಲ, ಸ್ತೋತ್ರ ಹೆಂಗ ಹೇಳ್ಲಿ?

ಪ್ರಶ್ನೆ: ಅಕ್ಕಾರ, ಹೋದ ಮಳಿಗಾಲದಾಗ ನನ್ನ ಏಳು ವರ್ಷದ ಮಗಗ ಡೆಂಗ್ಯೂ ಆಗಿ ಪ್ಲೇಟ್‌ಲೆಟ್ ಭಾಳ ಇಳದು ಬಾಗಲಕೋಟಿ ದವಾಖಾನಿಯಾಗ ಆರು ದಿನ ಐಸಿಯುನಾಗ ಇಟ್ಟಿದ್ರು. ಬಾಜೂ ಬೆಡ್‌ನ್ಯಾಗ ನಮ್ಮ ಚರ್ಚಿನ ಸಭೆಯವರದ ಒಬ್ಬ ಹುಡುಗ ಇದ್ದ. ಅವರವ್ವ ನಾನು ಹೊರಗ ಒಂದ ಚಾದರ್ ಹಾಸಿಕೊಂಡು ಕೂಡೇ ಪ್ರಾರ್ಥನೆ ಮಾಡ್ತಿದ್ವಿ, ಒಂದ ಡಬ್ಬಿಯಾಗ ರೊಟ್ಟಿ ಶೇಂಗಾ ಹಿಂಡಿ ತಿಂತಿದ್ವಿ. ನನ್ನ ಮಗ ಮನೀಗೆ ಬಂದ, ಅಕಿ ಮಗ ಬರಲಿಲ್ಲ. ಈಗ ಚರ್ಚಿನ ಸುಗ್ಗಿ ಹಬ್ಬಕ್ಕ ಎದ್ದು ಸಾಕ್ಷಿ ಹೇಳು, ಅಂದ್ರ ದೇವರು ಮಾಡಿದ್ದನ್ನ ಎಲ್ಲಾರ ಮುಂದ ಹೇಳು, ಉಪಕಾರಕ್ಕ ಸ್ತೋತ್ರ ಕಾಣಿಕೆ ಕೊಡು ಅಂತ ಮನ್ಯಾಗ ಅನ್ನಾಕತ್ತಾರ. ಅಕಿ ಮೂರನೇ ಸಾಲಿನ್ಯಾಗ ಕೂತಿರ್ತಾಳ. ದೇವರು ನನ್ನ ಪ್ರಾರ್ಥನೆ ಕೇಳಿದ ಅಂದ್ರ ಅಕಿದು ಕೇಳಲಿಲ್ಲ ಅಂದಂಗ ಆಗೂದಿಲ್ಲೇನು?
– ಹೆಸರು ಬ್ಯಾಡ, ಗುಳೇದಗುಡ್ಡ

ಉತ್ತರ: ತಂಗಿ, ಆ ಚಾದರಿನ ಮಾತು ಓದಿ ಸ್ವಲ್ಪ ಹೊತ್ತು ಪತ್ರ ಕೆಳಗಿಟ್ಟೆ. ಸ್ತೋತ್ರ ಹೇಳಬ್ಯಾಡ ಅಂತ ನಾ ಅನ್ನೂದಿಲ್ಲ, ಮಗ ಮನ್ಯಾಗ ಓಡ್ಯಾಡೂದು ನೋಡಿ ಬಾಯಿ ಕಟ್ಟಿಕೊಂಡು ಕೂಡೂದು ಆಗದ ಮಾತು. ಆದ್ರ ನಮ್ಮ ಸಭೆಗಳಾಗ ಸಾಕ್ಷಿ ಹೇಳೂ ಮುಂದ ಎರಡು ಮಾತು ಕಲಸಿ ಬಿಡ್ತೀವಿ, ದೇವರು ಕೊಟ್ಟ ಅನ್ನೂದು ಒಂದು, ನಾ ಗಟ್ಟಿ ನಂಬಿದ್ದಕ್ಕ, ಉಪವಾಸ ಇದ್ದದ್ದಕ್ಕ ಕೊಟ್ಟ ಅನ್ನೂದು ಇನ್ನೊಂದು. ಮೂರನೇ ಸಾಲಿಗೆ ಹೋಗಿ ಚುಚ್ಚೂದು ಆ ಎರಡನೇದು. ಅಕಿ ಏನು ಕಡಿಮಿ ನಂಬಿದ್ಲು? ಅದ ಚಾದರಿನ ಮ್ಯಾಲೆ ಕೂತಿದ್ಲಲ್ಲ.

ಬೈಬಲ್‌ನ್ಯಾಗ ಲೂಕನ ಸುವಾರ್ತೆ 17ನೇ ಅಧ್ಯಾಯ ತಗದು ನೋಡು. ಹತ್ತು ಕುಷ್ಠರೋಗಿಗಳು ವಾಸಿ ಆದ್ರು, ಒಬ್ಬ ಸಮಾರ್ಯದವ ಅಷ್ಟ ತಿರುಗಿ ಬಂದು ಕಾಲಿಗೆ ಬಿದ್ದ. ನಿನ್ನ ನಂಬಿಕೆ ನಿನ್ನನ್ನ ರಕ್ಷಿಸಿತು ಅಂತ ಯೇಸು ಅವಗ ಹೇಳ್ತಾನ, ಖರೇ, ಆದ್ರ ಸ್ತೋತ್ರ ಹೇಳದ ಒಂಬತ್ತು ಮಂದೀನೂ ವಾಸಿ ಆಗಿದ್ರು ಅನ್ನೂದು ಮರೀಬ್ಯಾಡ. ಹಂಗಾದ್ರ ವಾಸಿ ಆದದ್ದು ಕೂಲಿ ಅಲ್ಲ. ಗ್ರೀಕಿನ್ಯಾಗ ಕೃಪೆಗೆ ಖಾರಿಸ್ ಅಂತಾರ, ಸ್ತೋತ್ರಕ್ಕ ಯೂಖಾರಿಸ್ತಿಯ, ಮೊದಲಿನ ಮಾತು ಎರಡನೇದರ ಹೊಟ್ಟಿಯಾಗ ಐತಿ. ಕೃಪೆ ಮೊದಲು, ಸ್ತೋತ್ರ ಆಮ್ಯಾಗ, ನಿನ್ನ ಕಾಣಿಕೆ ಕವರ್ ಯಾವ ಬಾಕೀನೂ ತೀರಿಸೂದಿಲ್ಲ.

ಇನ್ನ ಯೇಸುವಿನ ಸುವಾರ್ತೆ ಸಾರಿದ ಅಪೊಸ್ತಲ ಪೌಲ. ತನ್ನ ಶರೀರದಾಗಿನ ಮುಳ್ಳು, ಅಂದ್ರ ತನ್ನ ಕಾಡೂ ಬಾಧೆ, ತಗದು ಬಿಡು ಅಂತ ಮೂರು ಸಲ ಬೇಡಿಕೊಂಡ, ಮುಳ್ಳು ಹೋಗಲಿಲ್ಲ, "ನನ್ನ ಕೃಪೆಯೇ ನಿನಗೆ ಸಾಕು" ಅನ್ನೂ ಉತ್ತರ ಬಂತು. ಅಂದ್ರ ಬೇಡಿದ್ದು ಸಿಗದ ಮನ್ಯಾಗೂ ಕೃಪೆ ಇರ್ತೈತಿ. ಆದ್ರ ಈ ವಚನ ಅಕಿಗೆ ನೀ ಹೋಗಿ ಹೇಳಬ್ಯಾಡ, ಕೈ ಮುಗದು ಹೇಳ್ತೀನಿ. ನನ್ನ ತಮ್ಮ ತೀರಿದಾಗ ವಚನ ಹೇಳಿ ಹೋದವರು ಭಾಳ ಮಂದಿ, ನನಗ ನೆನಪಿರೂದು ಸುಮ್ನ ಬಂದು ಭಾಂಡೆ ತಿಕ್ಕಿ ಹೋದ ಒಬ್ಬಾಕಿ.

ಹಬ್ಬಕ್ಕಿಂತ ಮೊದಲ ಅಕಿ ಮನೀಗೆ ಹೋಗು. ಅದ ಡಬ್ಬಿ ಒಯ್ಯಿ. ನಾ ಹಿಂಗ ಸ್ತೋತ್ರ ಹೇಳಬೇಕಂತ ಮಾಡೀನಿ, ನಿನ್ನ ಮಗನ ಹೆಸರೂ ತಗೋಳ್ಳೇನು ಅಂತ ಕೇಳು. ಬ್ಯಾಡ ಅಂದ್ರ ಬಿಡು, ಚರ್ಚಿನ ಅಯ್ಯನವರ ಕೈಯಾಗ ಕಾಣಿಕೆ ಕವರ್ ಕೊಟ್ಟು ಸುಮ್ನ ಬಂದು ಮೂರನೇ ಸಾಲಿನ್ಯಾಗ ಅಕಿ ಬಾಜೂಕ ಕೂಡು.