ರಿಪೋರ್ಟಿನಲ್ಲಿ ‘ಆಂಟ್ರಲ್ ಗ್ಯಾಸ್ಟ್ರೈಟಿಸ್’ ಅಂತ ಇದೆ. ಜಠರದ ಒಂದೇ ಭಾಗಕ್ಕೆ ಉರಿಯೂತ ಬರುತ್ತದೆಯೇ? ಖಾರ ತಿಂದಿದ್ದೇ ಕಾರಣವೇ?

ಹೌದು, ಒಂದೇ ಭಾಗಕ್ಕೂ ಬರುತ್ತದೆ. ಆಂಟ್ರಮ್ ಅಂದರೆ ಜಠರದ ಕೆಳತುದಿ, ಸಣ್ಣ ಕರುಳಿಗೆ ಸೇರುವ ಮುಂಚಿನ ಜಾಗ. ಎಚ್. ಪೈಲೋರಿ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಮೊದಲು ಇಲ್ಲೇ ನೆಲೆಯೂರುತ್ತದೆ. ಉರಿಯೂತ ಮುಖ್ಯವಾಗಿ ಇಲ್ಲೇ ಇದ್ದರೆ ಗ್ಯಾಸ್ಟ್ರಿನ್ ಹಾರ್ಮೋನು ಜಾಸ್ತಿಯಾಗಿ ಆಮ್ಲ ಏರಬಹುದು. ಆಗ ಸಣ್ಣ ಕರುಳಿನ ಆರಂಭದಲ್ಲಿ ಹುಣ್ಣಾಗುವ ಭಯ.

ಆಮ್ಲ ತಯಾರಾಗುವುದು ಜಠರದ ನಡುಭಾಗ ಮತ್ತು ಮೇಲ್ಭಾಗದಲ್ಲಿ. ವರ್ಷಗಟ್ಟಲೆ ಉರಿಯೂತ ಅಲ್ಲಿಗೂ ಹಬ್ಬಿದರೆ ಗ್ರಂಥಿಗಳು ಸವೆಯುತ್ತವೆ, ಆಮ್ಲ ಇಳಿಯುತ್ತದೆ. ಜಠರದ ಕ್ಯಾನ್ಸರ್ ಅಪಾಯ ಹೆಚ್ಚುವುದು ಮುಖ್ಯವಾಗಿ ಹೀಗೆ ಹಬ್ಬಿದಾಗ. ಅದಕ್ಕೇ ಡಾಕ್ಟರು ಬೇರೆ ಬೇರೆ ಜಾಗದಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ.

ಆಟೋಇಮ್ಯೂನ್ ಬಗೆಯಲ್ಲಿ, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಜಠರದ ಮೇಲೆ ದಾಳಿ ಮಾಡಿದಾಗ, ಲೆಕ್ಕವೇ ಉಲ್ಟಾ. ಆಂಟ್ರಮ್ ಬಿಟ್ಟು ಮೇಲಿನ ಭಾಗಕ್ಕೆ ಪೆಟ್ಟು. ಬಿ12 ಹೀರಲು ಬೇಕಾದ ಪ್ರೋಟೀನು ಅಲ್ಲೇ ತಯಾರಾಗುವುದರಿಂದ ರಕ್ತಹೀನತೆ, ಕೈಕಾಲು ಜೋಮು ಬರಬಹುದು.

ನಮ್ಮ ಬಾಗಲಕೋಟೆ ಕಡೆ ಎಲ್ಲದಕ್ಕೂ ರೊಟ್ಟಿ ಜೊತೆಗಿನ ರಂಜಕವನ್ನೇ ಬೈಯುತ್ತಾರೆ, ಅಲ್ವಾ? ಖಾರದಿಂದ ಉರಿ ಹೆಚ್ಚಾಗಬಹುದು, ಆದರೆ ಮೂಲ ಕಾರಣ ಸಾಮಾನ್ಯವಾಗಿ ಬೇರೆ ಇರುತ್ತದೆ. ಸುಮ್ನೆ ಗ್ಯಾಸ್ ಮಾತ್ರೆ ನುಂಗುತ್ತಾ ಕೂರಬೇಡಿ. ಎಚ್. ಪೈಲೋರಿ ಪರೀಕ್ಷೆ ಆಗಿದೆಯಾ ಕೇಳಿ. ಸಿಕ್ಕಿದ್ದರೆ ಆಂಟಿಬಯಾಟಿಕ್ ಕೋರ್ಸನ್ನು ನಡುವೆ ಬಿಡದೆ ಮುಗಿಸಿ.